54 ಆಯ್ತು, ಬಿದ್ದಿದ್ದೂ ಆಯ್ತು. ಎಂಟಿಬಿ (ಮೌಂಟನ್ ಬೈಕ್) ಬಿಡೋಕೆ ಮನಸ್ಸಿಲ್ಲ, ಹೇಗೆ ಮುಂದುವರಿಸೋದು?

ತುರಹಳ್ಳಿ_ತಿರುಗಾಟ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ನಂಗೀಗ 54. 2009ರಲ್ಲಿ ಮೊದಲ ಎಂಟಿಬಿ ತಗೊಂಡೆ, 26 ಇಂಚು ಗಾಲಿದು, ಆವತ್ತಿಂದ ಭಾನುವಾರ ಅಂದ್ರೆ ಬೆಂಗಳೂರಿನ ತುರಹಳ್ಳಿ ಕಾಡು, ಇಲ್ಲಾಂದ್ರೆ ಅವತಿ ಬೆಟ್ಟದ ಕಡೆ, ಮಳೆ ನಿಂತ ಮೇಲೆ ವರ್ಷಕ್ಕೊಂದು ಸಲ ಚಿಕ್ಕಮಗಳೂರು. ಈಗಿರೋದು 29 ಇಂಚು ಹಾರ್ಡ್‌ಟೇಲ್, ಅಂದ್ರೆ ಮುಂದೆ ಮಾತ್ರ ಸಸ್ಪೆನ್ಷನ್, 120 ಮಿಮೀ ಫೋರ್ಕು.

ಹೋದ ನವೆಂಬರ್‌ನಲ್ಲಿ ಬಿದ್ದೆ. ಹೊಸ ಜಾಗ ಅಲ್ಲ, ನೂರಾರು ಸಲ ಇಳಿದಿರೋ ಬಂಡೆ, ಕೊನೇಲಿ ಮೊಳಕಾಲೆತ್ತರ ಒಂದು ಮೆಟ್ಟಿಲು ಥರ ಇದೆ ಅಷ್ಟೇ. ಅವತ್ತು ಅದರ ಅಂಚು ಯಾಕೋ ಮಂಜುಮಂಜಾಗಿ ಕಾಣ್ತು, ಎಲೆ ನೆರಳು ಬಿದ್ದಿದೆ ಅಂದ್ಕೊಂಡೆ, ಅಂಚು ಇನ್ನೂ ಮುಂದಿದೆ ಅನ್ನೋ ಲೆಕ್ಕದಲ್ಲಿ ಸೀಟ್ ಮೇಲೇ ಕೂತಿದ್ದೆ, ಅಷ್ಟರಲ್ಲಿ ಮುಂದಿನ ಗಾಲಿ ಕೆಳಗೆ ಹೋಯ್ತು, ಹಿಂದಕ್ಕೆ ಸರಿಯೋಕೆ ಆಗಲಿಲ್ಲ. ಎಡಗಡೆ ಕಾಲರ್ ಬೋನ್ ಮುರೀತು. ಆಪರೇಷನ್ ಬೇಡ ಅಂದ್ರು ಡಾಕ್ಟ್ರು, ಆರು ವಾರ ಸ್ಲಿಂಗು. ಈಗ ಎಕ್ಸ್‌ರೇ ನೋಡಿ ಮೂಳೆ ಕೂಡಿದೆ, ಇನ್ನೊಂದು ತಿಂಗಳು ಬಿಟ್ಟು ಸೈಕಲ್ ಹತ್ತಬಹುದು ಅಂದಿದಾರೆ.

ಮೂಳೆ ಕೂಡ್ತು, ಧೈರ್ಯ ಕೂಡ್ತಿಲ್ಲ. ಮಗಳು "ಅಪ್ಪಾ ಸಾಕು, ಒಳ್ಳೆ ರೇಟ್ ಬರುವಾಗ್ಲೇ ಮಾರಿಬಿಡು" ಅಂತಾಳೆ. ಮನೆಯವಳು ಏನೂ ಹೇಳಲ್ಲ, ಅದು ಇನ್ನೂ ಕಷ್ಟ. ನಂಗೆ ಇದು ಬರೀ ವ್ಯಾಯಾಮ ಆಗಿದ್ರೆ ವಾಕಿಂಗ್ ಹೋಗ್ತಿದ್ದೆ. ಬೆಳಿಗ್ಗೆ ಆರೂವರೆಗೆ ನೀಲಗಿರಿ ಮರದ ಮಧ್ಯೆ ಟಯರ್ ಕೆಳಗೆ ಎಲೆ ಚರಚರ ಅನ್ನೋ ಸದ್ದು ಇದೆಯಲ್ಲ, ಅದಕ್ಕೋಸ್ಕರ ವಾರವೆಲ್ಲಾ ಕಾಯ್ತಿದ್ದೋನು ನಾನು. 50 ದಾಟಿದವರು, 60 ದಾಟಿದವರು ಇಲ್ಲಿ ಇದೀರ ಅಂತ ಗೊತ್ತು. ಏನು ಬದಲಾಯಿಸಿಕೊಂಡ್ರಿ, ಏನು ಬಿಟ್ರಿ, ದಯವಿಟ್ಟು ನೇರವಾಗಿ ಹೇಳಿ.

ಚೈನ್‌ರಿಂಗ್_30
ಸಾರ್ ಬೇಗ ಹುಷಾರಾಗಿ. ನನ್ನ ವಯಸ್ಸು 33, ಹಾಗಾಗಿ ಹೇಳೋ ಅರ್ಹತೆ ಇಲ್ಲದೇ ಇರಬಹುದು, ಆದ್ರೂ ಹೇಳ್ತೀನಿ. ಗ್ರ್ಯಾವೆಲ್ ಬೈಕ್‌ಗೆ ಹೋಗಬಾರದಾ? ಕೆರೆ ಏರಿ, ಹಳ್ಳಿ ಮಣ್ಣಿನ ರಸ್ತೆ, ಹೆಸರಘಟ್ಟದ ಹುಲ್ಲುಗಾವಲ ಕಡೆ, ಎಲ್ಲಾ ಆಗುತ್ತೆ, ಬಂಡೆ ಗಿಂಡೆ ಇರಲ್ಲ. ನಮ್ಮಪ್ಪನಿಗೂ ನಿಮ್ಮದೇ ವಯಸ್ಸು, ಅವರು ಬಿದ್ದಿದ್ರೆ ನಾನೂ ನಿಮ್ಮ ಮಗಳು ಹೇಳಿದ್ದನ್ನೇ ಹೇಳ್ತಿದ್ದೆ.

ಗದಗಿನ_ಗಾಲಿ
ಸರ, ಮಾರಬ್ಯಾಡ್ರಿ. ನನಗ 61 ನಡದಾವ. ನಾ ಎಂಟಿಬಿ ಹತ್ತಿದ್ದs 57ಕ್ಕ. 2021ರಾಗ ನಮ್ಮ ಗದಗಿನ್ಯಾಗ ನ್ಯಾಷನಲ್ ಎಂಟಿಬಿ ಚಾಂಪಿಯನ್‌ಶಿಪ್ ಆತಲ್ರಿ, ನೋಡಾಕ ಹೋಗಿದ್ದೆ, ವಿಜಯಪುರ ಬಾಗಲಕೋಟಿ ಕಡೆ ಹುಡುಗೂರು ಆ ಕಲ್ಲಿನ್ಯಾಗ ಹೆಂಗ ಹೊಂಟಿದ್ರು ಅಂದ್ರ ನನಗ ಮನಿಗೆ ಬಂದ ಮ್ಯಾಲೂ ಕಣ್ಣಾಗ ಅದ ಇತ್ತು. ಅಲ್ಲೀತನಕ ನಾ ಸೈಕಲ್ ಅಂದ್ರ ಹೊಲಕ್ಕ ಹೋಗೂದು, ಹಾಲಿನ ಕ್ಯಾನ್ ಕಟಗೊಂಡು ಬರೂದು, ಇಷ್ಟ. ನಿವೃತ್ತಿ ಹತ್ರ ಬಂದಿತ್ತು, ಒಂದು ಸೆಕೆಂಡ್ ಹ್ಯಾಂಡ್ ತಗೊಂಡೆ.

ನಾ ಏನ ಕಲತೀನಿ ಅಂದ್ರ, ಇಳದು ನೂಕೂದಕ್ಕ ನಾಚಕೋಬಾರದು. ಮೊದಲನೇ ವರ್ಷ ಹುಡುಗೂರ ಮುಂದ ಇಳಿಯೂದು ಅಂದ್ರ ಮರ್ಯಾದಿ ಹೋದಂಗ ಅನಸ್ತಿತ್ತು, ಅದs ಹಠಕ್ಕ ಎರಡು ಸಲ ಬಿದ್ದೆ. ಈಗ ಕಲ್ಲು ನೋಡತೀನಿ, ಒಳಗ ಒಂದು ಮಾತು ಬರತೈತಿ, "ಇವತ್ತ ಬ್ಯಾಡ" ಅಂತ. ಇಳಿತೀನಿ, ನೂಕತೀನಿ, ಮ್ಯಾಲ ಮತ್ತ ಹತ್ತತೀನಿ. ಹಂಗಂತ ಸುಮ್ಮ ಬಿಡೂದಿಲ್ಲ, ನಾಕ ದಿನ ಬಿಟ್ಟು ಅದs ಕಲ್ಲಿಗೆ ಹೋಗಿ ನಿಂತು ನೋಡತೀನಿ.

ಮತ್ತ ಮಳಿ ಆದ ಮರುದಿನ ಎರಿ ಹೊಲದ ದಾರಿಗೆ ಮಾತ್ರ ಹೋಗಬ್ಯಾಡ್ರಿ, ಮಣ್ಣು ಟಯರಿಗೆ ಮೆತ್ತಗೊಂಡು ಫೋರ್ಕಿನ್ಯಾಗ ತುಂಬಿ ಗಾಲಿ ತಿರಗೂದs ನಿಂದರತೈತಿ, ಸೈಕಲ್ ಹೊತಗೊಂಡು ಬರೂದು ನಮ್ಮ ವಯಸ್ಸಿಗೆ ಆಗೂದಲ್ಲ. ಕೆಂಪು ಮಣ್ಣಿನ ಮಸಾರಿ ನೆಲಕ್ಕ ಹೋಗ್ರಿ.

ಫಿಸಿಯೋ_ಮೈಸೂರು
ತಿರುಗಾಟ ಸಾರ್, ನಾನು ಫಿಸಿಯೋಥೆರಪಿಸ್ಟ್, ವಾರಾಂತ್ಯ ಚಾಮುಂಡಿ ಬೆಟ್ಟದ ಕಡೆ ಸೈಕಲ್ ಕೂಡ ತುಳೀತೀನಿ, ಅದಕ್ಕೆ ಎರಡೂ ಕಡೆಯಿಂದ ಹೇಳ್ತೀನಿ. ನಿಮ್ಮನ್ನ ನೋಡಿರೋ ಡಾಕ್ಟರ್ ಮಾತೇ ಕೊನೆ ಮಾತು, ಇದು ಅದರ ಜೊತೆಗೆ.

ಕಾಲರ್ ಬೋನ್ ಮುರಿದವರಲ್ಲಿ ನಾನು ಮತ್ತೆ ಮತ್ತೆ ನೋಡೋದು ಏನಂದ್ರೆ ಮೂಳೆ ಕೂಡಿದ ತಕ್ಷಣ ಹೊರಟುಬಿಡ್ತಾರೆ, ಆದ್ರೆ ಆರು ವಾರ ಸುಮ್ಮನಿದ್ದ ಭುಜ ಬಿಗಿದುಕೊಂಡಿರುತ್ತೆ, ಆ ಕಡೆ ತೋಳಿನ ಮಾಂಸ ಕರಗಿರುತ್ತೆ. ಇಳಿಜಾರಲ್ಲಿ ಕೈಮೇಲೂ ಸಾಕಷ್ಟು ಭಾರ ಬೀಳುತ್ತಲ್ವಾ. ಗೋಡೆಗೆ ಕೈಯಿಟ್ಟು ಪುಶ್‌ಅಪ್‌ನಿಂದ ಶುರು ಮಾಡಿ, ಆಮೇಲೆ ಅಡುಗೆಮನೆ ಕಟ್ಟೆ ಎತ್ತರಕ್ಕೆ, ಆಮೇಲೆ ಕುರ್ಚಿ, ಕೊನೆಗೆ ನೆಲ. ನೆಲದಲ್ಲಿ ಹತ್ತು ನೋವಿಲ್ಲದೆ ಆದ್ರೆ ಆಗ ಬಂಡೆ ಮಾತು ಆಡೋಣ.

ಇನ್ನೊಂದು, ಸೈಕಲ್ ತುಳೀತೀನಿ ಮೂಳೆ ಗಟ್ಟಿ ಇರುತ್ತೆ ಅಂತ ತುಂಬಾ ಜನ ನಂಬಿರ್ತಾರೆ. ಹೃದಯಕ್ಕೆ, ಶ್ವಾಸಕ್ಕೆ ಸೈಕಲ್ ಬಹಳ ಒಳ್ಳೇದು, ಮೂಳೆಗೆ ಅಷ್ಟೊಂದು ಕೆಲಸ ಸಿಗಲ್ಲ, ಯಾಕಂದ್ರೆ ಭಾರ ಸೀಟು ಹೊತ್ಕೊಂಡಿರುತ್ತೆ. ಐವತ್ತಾದ ಮೇಲೆ ಬಸ್ಕಿ, ಮೆಟ್ಟಿಲು ಹತ್ತೋದು, ಭಾರ ಎತ್ತೋದು ವಾರಕ್ಕೆ ಎರಡು ದಿನ ಬೇಕೇ ಬೇಕು. ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲಿ, ಒಂದು ಕಡೆ 30 ಸೆಕೆಂಡ್, ಬ್ಯಾಲೆನ್ಸಿಗೆ ಇದಕ್ಕಿಂತ ಸುಲಭದ್ದು ಇಲ್ಲ. ಊಟದಲ್ಲಿ ಹುರುಳಿ, ಮೊಳಕೆ ಕಾಳು, ಮೊಟ್ಟೆ ತಿನ್ನೋರಾದ್ರೆ ಮೊಟ್ಟೆ. ವಯಸ್ಸಾದವರಿಗೆ ದಿನಕ್ಕೆ ತೂಕದ ಕೆಜಿಗೆ ಒಂದು ಗ್ರಾಮಿಂದ ಒಂದೂಕಾಲು ಗ್ರಾಮ್ ಒಳಗೆ ಪ್ರೋಟೀನ್ ಬೇಕು, ಕಿಡ್ನಿ ತೊಂದರೆ ಇದ್ರೆ ಮಾತ್ರ ಡಾಕ್ಟರ್ ಕೇಳಿ.

ಹಾರ್ಟ್‌ರೇಟ್ ಬಗ್ಗೆ ಕೇಳೇ ಕೇಳ್ತೀರ. 208ರಲ್ಲಿ ವಯಸ್ಸಿನ ಶೇ 70ನ್ನ ಕಳೀರಿ, ನಿಮಗೆ 170ರ ಹತ್ರ ಬರುತ್ತೆ, ಅದು ಗರಿಷ್ಠದ ಅಂದಾಜು ಅಷ್ಟೇ, ಒಬ್ಬೊಬ್ಬರಿಗೆ ಹತ್ತು ಹದಿನೈದು ಆಚೆ ಈಚೆ. ನಾನು ಎಲ್ಲರಿಗೂ ಹೇಳೋದು ಇಷ್ಟೇ, ಜೊತೆಗಿರೋರ ಹತ್ರ ಪೂರ್ತಿ ವಾಕ್ಯ ಮಾತಾಡ್ತಾ ತುಳಿಯೋಕೆ ಆಗ್ತಿದ್ರೆ ಅದು ನಿಮ್ಮ ಆರಾಮದ ಗತಿ, ಹೆಚ್ಚಿನ ರೈಡ್ ಅದರಲ್ಲೇ ಇರಲಿ. ಜೋರಾಗಿ ತುಳಿದ ದಿನದ ನಂತರ ಮೂವತ್ತರಲ್ಲಿ ಒಂದು ದಿನ ಸಾಕಿತ್ತು, ಈಗ ಎರಡು ದಿನ ಬಿಡಿ.

ಏರುದಾರಿ_ಅಕ್ಕ
ತಿರುಗಾಟ ಅವರೇ, ಒಂದು ಪ್ರಶ್ನೆ. ಅಂಚು ಮಂಜುಮಂಜಾಗಿ ಕಾಣ್ತು ಅಂದ್ರಲ್ಲ, ನೀವು ಕನ್ನಡಕ ಹಾಕ್ತೀರಾ? ಪ್ರೋಗ್ರೆಸಿವ್ ಲೆನ್ಸಾ?

ತುರಹಳ್ಳಿ_ತಿರುಗಾಟ
ಹೌದು ಮೇಡಂ ಪ್ರೋಗ್ರೆಸಿವ್. ಮುಂಚೆ ದೂರಕ್ಕೊಂದು ಓದೋಕೊಂದು ಬೇರೆ ಬೇರೆ ಇತ್ತು, ದಸರಾ ರಜೆಯಲ್ಲಿ ಎರಡೂ ಸೇರಿಸಿ ಒಂದೇ ಮಾಡಿಸಿದೆ. ಯಾಕೆ?

ಏರುದಾರಿ_ಅಕ್ಕ
ನನಗೆ 51, ನಂಗೂ ಇದೇ ಆಗಿತ್ತು, ಅದಕ್ಕೆ ಕೇಳಿದೆ. ಆ ಲೆನ್ಸಲ್ಲಿ ಮೇಲಿನ ಭಾಗ ದೂರಕ್ಕೆ, ಕೆಳಗಿನ ಭಾಗ ಓದೋಕೆ, ಅಂದ್ರೆ ಒಂದೂವರೆ ಅಡಿ ದೂರದ ಪುಸ್ತಕಕ್ಕೆ. ಸೈಕಲ್ ಮೇಲೆ ಕೂತು ಮುಂದಿನ ಗಾಲಿ ಹತ್ರದ ನೆಲ ನೋಡೋಕೆ ಕಣ್ಣು ಕೆಳಗಿಳಿಸಿದ್ರೆ ನಾವು ನೋಡೋದು ಆ ಓದೋ ಭಾಗದಿಂದ. ನೆಲ ಇರೋದು ಆರು ಅಡಿ ದೂರದಲ್ಲಿ. ಕಲ್ಲಿನ ಅಂಚು ಕಲಸಿದಂಗೆ ಕಾಣುತ್ತೆ, ಎಷ್ಟು ಆಳ ಅನ್ನೋ ಅಂದಾಜೇ ತಪ್ಪುತ್ತೆ. ಮನೇಲಿ ಮೆಟ್ಟಿಲು ಇಳಿಯುವಾಗ ಪರೀಕ್ಷೆ ಮಾಡಿ, ತಲೆ ಬಗ್ಗಿಸದೆ ಬರೀ ಕಣ್ಣು ಕೆಳಗೆ ಮಾಡಿ ಮೆಟ್ಟಿಲಂಚು ನೋಡಿ. ಹಿರಿಯರು ಮೆಟ್ಟಿಲಲ್ಲಿ ಎಡವೋಕೆ ಈ ಥರ ಕನ್ನಡಕಾನೂ ಒಂದು ಕಾರಣ ಅಂತ ನನ್ನ ಕಣ್ಣಿನ ಡಾಕ್ಟರೇ ಹೇಳಿದ್ರು.

ನಾನು ಸೈಕಲ್ಲಿಗೆ ಅಂತಲೇ ದೂರದ ನಂಬರ್ ಮಾತ್ರ ಇರೋದು ಬೇರೆ ಮಾಡಿಸಿಕೊಂಡೆ. ಫೋನು ಓದೋಕೆ ಕಷ್ಟ, ಇರಲಿ, ಟ್ರೇಲ್‌ನಲ್ಲಿ ಫೋನ್ ಯಾಕೆ.

ನಿಮ್ಮ ಭಯದ ಬಗ್ಗೆ ಎರಡು ಮಾತು. ನಾನು ಶುರು ಮಾಡಿದ್ದು 44ಕ್ಕೆ, ಮುಟ್ಟು ನಿಂತ ಮೇಲೆ ಮೂಳೆ ಸಾಂದ್ರತೆ ಪರೀಕ್ಷೆ ಮಾಡಿಸಿದೆ, ಸ್ವಲ್ಪ ಕಮ್ಮಿ ಬಂತು. ಆವತ್ತು ರಿಪೋರ್ಟ್ ಹಿಡ್ಕೊಂಡು ಕೂತು ಅತ್ತಿದ್ದೀನಿ, ಇನ್ನು ಸೈಕಲ್ ಇಲ್ಲ ಅಂತ. ಆದ್ರೆ ಡಾಕ್ಟರ್ ಬಿಡಿ ಅನ್ನಲಿಲ್ಲ, ಭಾರ ಎತ್ತಿ, ಬೀಳದ ಹಾಗೆ ಓಡಿಸಿ ಅಂದ್ರು. ಬೀಳದ ಹಾಗೆ ಓಡಿಸೋದನ್ನೇ ಈಗ ಕಲೀತಾ ಇದೀನಿ, ಅದೇ ಒಂದು ದೊಡ್ಡ ವಿದ್ಯೆ. ನನ್ನ ಜೊತೆ ಬರೋ ಐದು ಹೆಂಗಸರಲ್ಲಿ ಮೂರು ಜನ 45 ದಾಟಿದವರು, ಎಲ್ಲರೂ ಒಂದೊಂದು ಕಲ್ಲಿನ ಮುಂದೆ ನಿಂತು ಇಳೀಬೇಕಾ ಬೇಡ್ವಾ ಅಂತ ಐದು ನಿಮಿಷ ಚರ್ಚೆ ಮಾಡ್ತೀವಿ, ಆ ಚರ್ಚೆನೂ ರೈಡಿನ ಭಾಗ ಅಂತಲೇ ನನ್ನ ಲೆಕ್ಕ.

ತುರಹಳ್ಳಿ_ತಿರುಗಾಟ
ಅಕ್ಕಾ (ಮೇಡಂ ಅನ್ನೋಕೆ ಮನಸ್ಸು ಬರ್ತಿಲ್ಲ ಈಗ). ಈಗಷ್ಟೇ ನಮ್ಮ ಮನೆ ಮೆಟ್ಟಿಲಲ್ಲಿ ನೋಡಿ ಬಂದೆ. ಕೆಳಗಿನ ಮೂರು ಮೆಟ್ಟಿಲಿನ ಅಂಚು ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣುತ್ತೆ. ತಲೆ ಬಗ್ಗಿಸಿದ್ರೆ ಸ್ಪಷ್ಟ. ಕನ್ನಡಕ ಬಂದಿದ್ದು ಅಕ್ಟೋಬರ್, ಬಿದ್ದಿದ್ದು ನವೆಂಬರ್. ಎರಡು ತಿಂಗಳಿಂದ ನಾನು ವಯಸ್ಸಾಯ್ತು, ರಿಫ್ಲೆಕ್ಸ್ ಹೋಯ್ತು, ಇನ್ನಾಗಲ್ಲ ಅಂತ ರಾತ್ರಿಯೆಲ್ಲಾ ಕೊರಗ್ತಾ ಇದ್ದೆ. ಏನು ಹೇಳಬೇಕೋ ಗೊತ್ತಾಗ್ತಿಲ್ಲ. ಮನೆಯವಳಿಗೆ ಓದಿ ಹೇಳಿದೆ, ಅವಳು ಮೊದಲ ಸಲ ಬಾಯಿ ಬಿಟ್ಟು "ಹಂಗಾದ್ರೆ ಕನ್ನಡಕ ಬದಲಾಯಿಸಿ" ಅಂದ್ಲು.

ಗ್ರೀಸ್_ಕೈ
ಅಣ್ಣ, ನಾನು 22 ವರ್ಷದಿಂದ ಸೈಕಲ್ ರಿಪೇರಿ ಮಾಡ್ತಿರೋನು. ಅಕ್ಕ ಹೇಳಿದ್ದು ಕಣ್ಣು, ನಾನು ಕಬ್ಬಿಣದ ಬಗ್ಗೆ ಹೇಳ್ತೀನಿ.

ಐವತ್ತು ದಾಟಿದ ಗಿರಾಕಿ ಬಂದ್ರೆ ಮೊದಲು ಗೇರ್ ನೋಡ್ತೀನಿ. ಹಳೇ 3x8 ಗಾಡಿಲಿ (ಮುಂದೆ 3, ಹಿಂದೆ 8 ಗೇರ್) ಮುಂದೆ 22 ಹಲ್ಲು ಹಿಂದೆ 32 ಅಂದ್ರೆ ಪೆಡಲ್ ಒಂದು ಸುತ್ತಿಗೆ ಗಾಲಿ 0.69 ಸುತ್ತು. ಈಗಿನ 12 ಸ್ಪೀಡಲ್ಲಿ ಮುಂದೆ 30 ಹಿಂದೆ 51 ಹಾಕಿದ್ರೆ 0.59. ಗಾಲಿ ಕಮ್ಮಿ ಸುತ್ತಿದಷ್ಟೂ ಏರಲ್ಲಿ ತುಳಿಯೋದು ಹಗುರ, ಅಷ್ಟು ವ್ಯತ್ಯಾಸ ಮಂಡಿಗೆ ಗೊತ್ತಾಗುತ್ತೆ. ನಿಮ್ದು ಮುಂದೆ 32 ಹಲ್ಲಿನ ಚೈನ್‌ರಿಂಗ್ ಇದ್ರೆ 28 ಅಥವಾ 30 ಹಾಕಿಸಿ, ಖರ್ಚು ಕಮ್ಮಿ, ಟಾಪ್ ಸ್ಪೀಡ್ ಸ್ವಲ್ಪ ಹೋಗುತ್ತೆ, ಟ್ರೇಲಲ್ಲಿ ಅದು ಯಾರಿಗೆ ಬೇಕು. ಆಮೇಲೆ ಕ್ರ್ಯಾಂಕು, ಪೆಡಲ್ ಕೂರೋ ತೋಳು. 175 ಮಿಮೀ ಬರುತ್ತೆ ಎಷ್ಟೋ ಗಾಡಿಲಿ, 165ಕ್ಕೆ ಇಳಿಸಿದ್ರೆ ಮಂಡಿ ಮಡಚೋದು ಕಮ್ಮಿ ಆಗುತ್ತೆ, ಪೆಡಲ್ ಕಲ್ಲಿಗೆ ಬಡಿಯೋದೂ ಕಮ್ಮಿ.

ಡ್ರಾಪರ್ ಇದೆಯಾ ನಿಮ್ಮ ಗಾಡಿಲಿ? ಇಲ್ಲ ಅಂದ್ರೆ ಬೇರೆ ಏನೂ ಹಾಕಿಸಬೇಡಿ, ಮೊದಲು ಅದನ್ನ ಹಾಕಿಸಿ. ಬಂಡೆ ಮೇಲೆ ಬಂದಾಗ ಹೆಬ್ಬೆರಳಲ್ಲಿ ಲಿವರ್ ಒತ್ತಿ ಸೀಟಿನ ಮೇಲೆ ಭಾರ ಹಾಕಿದ್ರೆ ಸೀಟು ಕೆಳಗೆ ಹೋಗುತ್ತೆ, ನೀವು ಹಿಂದಕ್ಕೆ ಕೆಳಕ್ಕೆ ಹೋಗೋಕೆ ಜಾಗ ಸಿಗುತ್ತೆ. ಅವತ್ತು ನೀವು ಸೀಟ್ ಮೇಲೆ ಸಿಕ್ಕಾಕಿಕೊಂಡಿದ್ದೇ ತೊಂದರೆ. ಇನ್ನೊಂದು ಲಾಭ, ಇಳಿಯುವಾಗ ಕಾಲು ಎತ್ತಿ ಹಾಕೋಕೆ ಸೊಂಟ ಬಗ್ಗದಿದ್ದರೂ ನಡೆಯುತ್ತೆ, ಎಷ್ಟೋ ಹಿರಿಯರು ಬೀಳೋದು ಓಡುವಾಗ ಅಲ್ಲ, ನಿಲ್ಲಿಸಿ ಇಳಿಯುವಾಗ.

ಟ್ಯೂಬ್‌ಲೆಸ್ ಇದ್ರೆ 75 ಕೆಜಿ ಆಳಿಗೆ 2.4 ಟಯರಲ್ಲಿ 22 ಪಿಎಸ್‌ಐ ಗಾಳಿ ಆಸುಪಾಸಲ್ಲಿ ಶುರು ಮಾಡಿ ನೋಡಿ, ನಮ್ಮೋರು 40 ಹಾಕಿಸ್ಕೊಂಡು ಕೈನೋವು ಅಂತಾರೆ. ಟ್ಯೂಬ್ ಇದ್ರೆ ಅಷ್ಟು ಇಳಿಸಬೇಡಿ, ಕಲ್ಲಿಗೆ ಹೊಡೆದು ಪಂಚರ್ ಆಗುತ್ತೆ. ಬ್ರೇಕ್ ಲಿವರ್ ಒಂದೇ ಬೆರಳಿಗೆ ಸಿಗೋ ಹಾಗೆ ಒಳಗೆ ತಗೊಳಿ.

ಒಂದು ಮಾತು ಮಾತ್ರ ನೆನಪಿಡಿ. ಫುಲ್ ಸಸ್ಪೆನ್ಷನ್ ತಗೊಂಡ್ರೆ ಸೇಫ್ ಅಂತ ಬಂದು ಕೇಳ್ತಾರೆ. ಸೊಂಟಕ್ಕೆ ಆರಾಮ ನಿಜ. ಆದ್ರೆ ನೆಲದ ಏಟು ಗೊತ್ತಾಗ್ದೆ ಇದ್ದಾಗ ಸ್ಪೀಡು ತಾನಾಗೇ ಏರುತ್ತೆ, ಬಿದ್ರೆ ಆ ಸ್ಪೀಡಲ್ಲೇ ಬೀಳ್ತೀರ. ನಾನು ಮೂರು ಜನಕ್ಕೆ ನೋಡಿದೀನಿ ಹಂಗೆ ಆಗಿದ್ದು.

ಕಾಫಿ_ಸಾಲು
ಮೂಡಿಗೆರೆ ಕಡೆಯಿಂದ. ನಂಗೆ 58, ತೋಟದ ಒಳಗಿನ ದಾರಿಲೇ ನನ್ನ ರೈಡು. ಗ್ರೀಸ್_ಕೈ ಹೇಳಿದ್ದು ನೂರಕ್ಕೆ ನೂರು ನಿಜ, ನಾನು ಫುಲ್ ಸಸ್ಪೆನ್ಷನ್ ಮಾರಿ ಹಾರ್ಡ್‌ಟೇಲಿಗೆ ವಾಪಸ್ ಬಂದೋನು, ನೆಲ ಮಾತಾಡಿದ್ದು ಕೈಗೆ ಕೇಳಬೇಕು ನಂಗೆ.

ನಮ್ಮಲ್ಲಿ ಬಂಡೆಗಿಂತ ಸಿಲ್ವರ್ ಓಕ್ ಎಲೆ ಜಾಸ್ತಿ ಅಪಾಯ. ಮೇಲೆ ಒಣಗಿದಂಗೆ ಕಾಣುತ್ತೆ, ಅಡಿ ಪದರ ಕೊಳೆತು ಒದ್ದೆ, ಬ್ರೇಕ್ ಹಿಡಿದ್ರೆ ಹಿಂದಿನ ಗಾಲಿ ಬೇರೆ ಊರಿಗೆ ಹೋಗುತ್ತೆ. ತಿರುವಿಗೆ ಮುಂಚೆನೇ ಬ್ರೇಕ್ ಮುಗಿಸಿ, ಎಲೆ ಮೇಲೆ ಸುಮ್ಮನೆ ಉರುಳ್ಕೊಂಡು ಹೋಗಬೇಕು. ಜೂನಿಂದ ಸೆಪ್ಟೆಂಬರ್ ನಾನು ಹತ್ತೋದೇ ಇಲ್ಲ, ಇಂಬಳ ಒಂದು ಕಡೆ, ಜಾರೋದು ಇನ್ನೊಂದು ಕಡೆ. ಮೊದಲೆಲ್ಲಾ ಮಳೇಲೂ ಹೋಗ್ತಿದ್ದೆ, ಈಗ ಆ ನಾಲ್ಕು ತಿಂಗಳು ಬರೀ ಬಸ್ಕಿ, ನಡಿಗೆ. ಅಕ್ಟೋಬರಲ್ಲಿ ಮತ್ತೆ ಸೈಕಲ್ ಇಳಿಸುವಾಗ ಚಿಕ್ಕ ಹುಡುಗರಿಗೆ ಶಾಲೆ ರಜೆ ಸಿಕ್ಕಿದಷ್ಟು ಖುಷಿ.

ಆನೆ ವಿಷಯ ಎಲ್ರಿಗೂ ಹೇಳ್ಬೇಕು. ಮೂಡಿಗೆರೆ, ಸಕಲೇಶಪುರ, ಆಲೂರು ಕಡೆ ಬೆಳಿಗ್ಗೆ ಬೆಳಕಾಗೋ ಮುಂಚೆ, ಸಂಜೆ ಐದರ ಮೇಲೆ ತೋಟದ ದಾರಿಲಿ ಸೈಕಲ್ ಬೇಡ. ಸೈಕಲ್ ಸದ್ದಿಲ್ಲದೆ ಹೋಗುತ್ತೆ, ತಿರುವಲ್ಲಿ ಆನೆಗೂ ಗೊತ್ತಾಗಲ್ಲ ನಮಗೂ ಗೊತ್ತಾಗಲ್ಲ. ಹೊರಗಿಂದ ಬರೋರು ತೋಟದೋರನ್ನ ಕೇಳದೆ ಒಳಗೆ ನುಗ್ಗಬೇಡಿ, ಕೇಳಿದ್ರೆ ದಾರಿ ತೋರಿಸಿ ಕಾಫಿನೂ ಕೊಡ್ತೀವಿ.

ಕರಾವಳಿ_ಪೆಡಲ್
ಮಣಿಪಾಲದಿಂದ ಮಾರಾಯ್ರೆ. ನನಗೆ 56, ಶುಗರ್ ಉಂಟು, ಹತ್ತು ವರ್ಷ ಆಯ್ತು. ಯಾರೂ ಇದನ್ನು ಹೇಳಲಿಲ್ಲ ಅದಕ್ಕೆ ನಾನು ಹೇಳ್ತೇನೆ. ಇನ್ಸುಲಿನ್ ಅಥವಾ ಶುಗರ್ ಜೋರು ಇಳಿಸುವ ಮಾತ್ರೆ ತಗೊಳ್ಳುವವರು ಬೆಳಿಗ್ಗೆ ಮಾತ್ರೆ ನುಂಗಿ ಬರೀ ಹೊಟ್ಟೆಯಲ್ಲಿ ಗುಡ್ಡೆ ಹತ್ತಲಿಕ್ಕೆ ಹೋಗಬೇಡಿ. ನನಗೆ ಒಮ್ಮೆ ಗುಡ್ಡೆಯ ನಡುವೆ ಕೈ ನಡುಗಲಿಕ್ಕೆ ಶುರುವಾಯ್ತು, ಬೆವರು, ತಲೆ ಖಾಲಿ ಆದ ಹಾಗೆ, ಸುಸ್ತು ಅಂತ ಅಂದುಕೊಂಡು ಇನ್ನೂ ತುಳಿದೆ. ಜೊತೆಯಲ್ಲಿದ್ದ ಹುಡುಗ ನನ್ನ ಮಾತು ತೊದಲಿದ್ದು ಗಮನಿಸಿ ಕೂರಿಸಿ ಬೆಲ್ಲ ತಿನ್ನಿಸಿದ. ಈಗ ಜೇಬಲ್ಲಿ ಗ್ಲೂಕೋಸ್, ಹೊರಡುವ ಮೊದಲು ಎರಡು ಬಾಳೆಹಣ್ಣು, ರೈಡ್ ಇರುವ ದಿನ ಮಾತ್ರೆ ಹೇಗೆ ಅಂತ ಡಾಕ್ಟರ ಹತ್ರ ಬರೆಸಿಕೊಂಡಿದ್ದೇನೆ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರೂ ಡಾಕ್ಟರ ಹತ್ರ ಬಾಯಿ ಬಿಟ್ಟು "ನಾನು ಕಲ್ಲಿನ ದಾರಿಯಲ್ಲಿ ಸೈಕಲ್ ಬಿಡ್ತೇನೆ, ಬೀಳುವ ಸಾಧ್ಯತೆ ಉಂಟು" ಅಂತಲೇ ಹೇಳಿ, ಬರೀ ಸೈಕ್ಲಿಂಗ್ ಅಂದ್ರೆ ಅವರು ಪಾರ್ಕಲ್ಲಿ ಸುತ್ತುವುದು ಅಂದುಕೊಳ್ತಾರೆ.

ನಮ್ಮಲ್ಲಿ ಮುರಕಲ್ಲು, ಒಣಗಿದ್ದಾಗ ಟಯರ್ ಕಚ್ಚಿ ಹಿಡೀತದೆ, ಪಾಚಿ ಕಟ್ಟಿದ್ರೆ ದೇವರೇ ಗತಿ.

ಸ್ಯಾನ್‌ಹೊಸೆ_ಶಿವಮೊಗ್ಗ
ಶಿವಮೊಗ್ಗದವನು, ಈಗ ಕ್ಯಾಲಿಫೋರ್ನಿಯಾದಲ್ಲಿ, 63. ಈ ಆಟ ಹುಟ್ಟಿದ ಜಾಗ ಇಲ್ಲಿಂದ ಒಂದೂವರೆ ಗಂಟೆ ದೂರ, ಮರೀನ್ ಕೌಂಟಿ. 1976ರಲ್ಲಿ ಅಲ್ಲಿನ ಒಂದಷ್ಟು ಹುಡುಗರು ಹಳೇ ದಪ್ಪ ಟಯರಿನ ಸೈಕಲ್ ತಗೊಂಡು ಬೆಟ್ಟದಿಂದ ಇಳಿಯೋ ರೇಸ್ ಶುರು ಮಾಡಿದ್ರು. ಪೆಡಲ್ ಹಿಂದಕ್ಕೆ ತುಳಿದ್ರೆ ಹಿಡಿಯೋ ಬ್ರೇಕು, ಒಂದು ಸಲ ಇಳಿಯೋಷ್ಟರಲ್ಲಿ ಕಾದು ಗಾಲಿ ಮಧ್ಯದ ಹಬ್ಬಿನ ಗ್ರೀಸೆಲ್ಲಾ ಹೊಗೆಯಾಗಿ ಹೋಗ್ತಿತ್ತಂತೆ, ಪ್ರತಿ ಸಲ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು, ಅದಕ್ಕೇ ಆ ದಾರಿಗೆ ರಿಪ್ಯಾಕ್ ಅನ್ನೋ ಹೆಸರು. ಆ ಗುಂಪಿನಲ್ಲಿದ್ದ ಗ್ಯಾರಿ ಫಿಶರ್ ಹುಟ್ಟಿದ್ದು 1950. ಅಂದ್ರೆ ಈ ಆಟ ಕಟ್ಟಿದೋರೇ ಈಗ ಎಪ್ಪತ್ತು ದಾಟಿದವರು. ನೆಡ್ ಓವರೆಂಡ್ 1990ರಲ್ಲಿ ಮೊದಲ ವಿಶ್ವ ಚಾಂಪಿಯನ್ ಆದಾಗ 35, 2015ರಲ್ಲಿ ಅಮೆರಿಕದ ಫ್ಯಾಟ್ ಬೈಕ್ (ತುಂಬಾ ದಪ್ಪ ಟಯರಿನ ಸೈಕಲ್) ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದಾಗ 59. ಗ್ರೆಗ್ ಮಿನಾರ್ 2021ರಲ್ಲಿ ಡೌನ್‌ಹಿಲ್ (ಇಳಿಜಾರಿನ ರೇಸ್) ವಿಶ್ವ ಚಾಂಪಿಯನ್ ಆದಾಗ 39. ಅವರೆಲ್ಲಾ ಬೇರೆ ಮಟ್ಟ, ಅವರಷ್ಟು ಆಗಬೇಕು ಅಂತ ಅಲ್ಲ ಹೇಳಿದ್ದು, 54 ಅನ್ನೋದು ಕಡೆ ಸ್ಟಾಪ್ ಅಲ್ಲ ಅಂತ.

ನಾನು ನಿಲ್ಲಿಸಿಬಿಡೋ ಹಂತಕ್ಕೆ ಬಂದಿದ್ದು ಬೇರೆ ಕಾರಣಕ್ಕೆ. ಹೆಂಡತಿಗೆ ಏರಿನಲ್ಲಿ ಆಗ್ತಿರಲಿಲ್ಲ, ನಾನೊಬ್ಬನೇ ಹೋಗೋದು ಬೇಜಾರು. ಅವಳಿಗೆ ಇ-ಎಂಟಿಬಿ, ಅಂದ್ರೆ ಮೋಟರ್ ಇರೋ ಎಂಟಿಬಿ ತಗೊಂಡ್ವಿ, ಈಗ ಅವಳು ಮುಂದೆ ನಾನು ಹಿಂದೆ. ಮೂವತ್ತೈದು ವರ್ಷದ ಸಂಸಾರದಲ್ಲಿ ನಾವು ಅತಿ ಹೆಚ್ಚು ಮಾತಾಡಿದ್ದು ಈ ನಾಲ್ಕು ವರ್ಷ ಟ್ರೇಲಿನ ಕಲ್ಲುಗಳ ಮೇಲೆ ಕೂತು.

ಚೈನ್‌ರಿಂಗ್_30
ಅಂಕಲ್ ತಪ್ಪು ತಿಳ್ಕೋಬೇಡಿ, ಮೋಟರ್ ಇದ್ರೆ ಅದು ಮೌಂಟನ್ ಬೈಕಿಂಗ್ ಹೇಗಾಗುತ್ತೆ? ಏರು ಹತ್ತಿದ ಸಂಕಟ ಇದ್ರೆ ತಾನೇ ಇಳಿಜಾರಿನ ಸಂತೋಷ?

ಏರುದಾರಿ_ಅಕ್ಕ
ತಮ್ಮಾ, ಆ ಸಂಕಟ ನಿನಗೆ 33ಕ್ಕೆ ಹದಿನೈದು ನಿಮಿಷ, ಮಂಡಿ ಸವೆದೋರಿಗೆ ಅದೇ ಏರು ಎರಡು ದಿನದ ನೋವು. ಪೆಡಲ್ ತುಳೀದೆ ಇದ್ರೆ ಆ ಮೋಟರೂ ಕೆಲಸ ಮಾಡಲ್ಲ. ನಮ್ಮಲ್ಲಿ 250 ವ್ಯಾಟ್ ಮೀರದೆ, ಗಂಟೆಗೆ 25 ಕಿಮೀ ಮೀರದೆ ಇದ್ರೆ ರಿಜಿಸ್ಟ್ರೇಷನ್ನೂ ಬೇಡ, ಸೈಕಲ್ ಅಂತಲೇ ಲೆಕ್ಕ.

ಗ್ರೀಸ್_ಕೈ
ಇ-ಎಂಟಿಬಿ ತಗೊಳೋರು ಒಂದ್ಸಲ ಎತ್ತಿ ನೋಡಿ ತಗೊಳಿ. ಎಷ್ಟೋ ಗಾಡಿ 22ರಿಂದ 25 ಕೆಜಿ ಇರುತ್ತೆ. ಬೇಲಿ ದಾಟಿಸೋಕೆ, ಕಾರಿಗೆ ಹತ್ತಿಸೋಕೆ ಒಬ್ಬರ ಕೈಲಿ ಆಗಲ್ಲ, ಬ್ಯಾಟರಿ ಮುಗಿದ್ರೆ ಆ ಭಾರ ತಳ್ಳೋರು ನೀವೇ.

ಚೈನ್‌ರಿಂಗ್_30
ಅಕ್ಕ, ಸರಿ. ನಾನು ಯೋಚನೆ ಮಾಡಿರಲಿಲ್ಲ ಆ ಕಡೆಯಿಂದ. ನಿನ್ನೆ ಅಪ್ಪನಿಗೆ ಈ ಚರ್ಚೆ ತೋರಿಸಿದೆ, ಅವರು ಪೂರ್ತಿ ಓದಿ ನನ್ನ ಹಳೇ ಸೈಕಲ್ ಎಲ್ಲಿದೆ ಅಂತ ಕೇಳಿದ್ರು.

ಫಿಸಿಯೋ_ಮೈಸೂರು
ಒಂದು ಬಿಟ್ಟಿದ್ದೆ. ಒಬ್ಬರೇ ಹೋಗಬೇಡಿ ಅಂತ ನಾನು ಎಲ್ಲರಿಗೂ ಹೇಳ್ತೀನಿ, ಯಾರೂ ಕೇಳಲ್ಲ. ಕನಿಷ್ಠ ಯಾವ ದಾರಿ, ಎಷ್ಟೊತ್ತಿಗೆ ವಾಪಸ್ ಅಂತ ಮನೇಲಿ ಹೇಳಿ, ಫೋನಲ್ಲಿ ಲೊಕೇಷನ್ ಶೇರ್ ಮಾಡಿ. ಹೆಲ್ಮೆಟ್ ಒಂದು ಸಲ ಗಟ್ಟಿಯಾಗಿ ಬಡಿದಿದ್ರೆ ಹೊರಗೆ ಏನೂ ಕಾಣದಿದ್ರೂ ಬದಲಾಯಿಸಿ, ಒಳಗಿನ ಥರ್ಮೋಕೋಲ್ ಒಂದೇ ಏಟಿಗೆ ಅಂತ ಇರೋದು. ತಿರುಗಾಟ ಸಾರ್, ನಿಮ್ಮದು ಬದಲಾಯ್ಸಿದ್ರಾ?

ತುರಹಳ್ಳಿ_ತಿರುಗಾಟ
ಇಲ್ಲ, ಅದೇ ಇದೆ. ಈ ವಾರವೇ ಹೊಸದು ತಗೊಳ್ತೀನಿ.

ಒಬ್ಬನೇ ಹೋಗೋದರ ಬಗ್ಗೆ ನಿಮ್ಮ ಮಾತು ಪೂರ್ತಿ ಒಪ್ಪೋಕಾಗ್ತಿಲ್ಲ ಡಾಕ್ಟ್ರೇ. ನಂಗೆ ಆ ಒಂಟಿತನವೇ ಅರ್ಧ ಸುಖ. ಸುಲಭದ ದಾರಿ ಒಬ್ಬನೇ, ಬಂಡೆ ಇರೋ ಕಡೆ ಜೊತೆ ಇದ್ರೆ ಮಾತ್ರ, ಹಂಗೆ ಮಾಡ್ಕೋತೀನಿ.

ತುರಹಳ್ಳಿ_ತಿರುಗಾಟ
ಏಳು ವಾರ ಆದ್ಮೇಲೆ ಬರೀತಿದೀನಿ. ಕಟ್ಟೆ ಮೇಲೆ ಪುಶ್‌ಅಪ್ 15, ನೆಲದ ಮೇಲೆ 10 ಆಯ್ತು. 28 ಚೈನ್‌ರಿಂಗ್ ಹಾಕಿಸಿದೆ, ಡ್ರಾಪರ್ ಹಾಕಿಸಿದೆ, ಹೊಸ ಹೆಲ್ಮೆಟ್, ಸೈಕಲ್ಲಿಗೆ ಅಂತ ಬೇರೆ ಕನ್ನಡಕ. ಮೊದಲ ಎರಡು ವಾರ ಕೆರೆ ಏರಿ ಮೇಲೆ ಮಾತ್ರ. ಎಡ ಭುಜ ಸ್ವಲ್ಪ ಬಿಗೀತಿತ್ತು, ಈಗ ಇಲ್ಲ.

ನಿನ್ನೆ ಆ ಬಂಡೆಗೆ ಹೋದೆ. ಜೊತೆಗೆ ಮಗಳು, ಅವಳೇ ಬರ್ತೀನಿ ಅಂದಿದ್ದು, ನಾನು ಕರೆದಿರಲಿಲ್ಲ. ಸೈಕಲ್ ಮರಕ್ಕೆ ಒರಗಿಸಿ ನಡ್ಕೊಂಡು ಇಳಿದು ನೋಡಿದೆ. ಮೆಟ್ಟಿಲಿನ ಅಂಚಲ್ಲಿ ಒಂದು ಬಿಳಿ ಗೀರು ಇದೆ, ನನ್ನ ಪೆಡಲ್ ಉಜ್ಜಿದ್ದೇ ಇರಬೇಕು ಅನ್ನಿಸ್ತು. ಅಂಚು ಕತ್ತರಿಸಿಟ್ಟ ಹಾಗೆ ಕಾಣ್ತಿತ್ತು. ಮೇಲೆ ಹೋಗಿ ಸೈಕಲ್ ಹತ್ತಿ ಬಂಡೆ ತುದಿವರೆಗೂ ಬಂದೆ, ಎದೆ ಹೊಡ್ಕೊಳೋದು ಕಿವಿಗೆ ಕೇಳ್ತಿತ್ತು, ನಿಲ್ಲಿಸಿದೆ. ಗದಗಿನ ಅಣ್ಣಾವ್ರ ಮಾತು ನೆನಪಾಯ್ತು, ಇವತ್ತ ಬ್ಯಾಡ. ಇಳಿದು ತಳ್ಳಿದೆ. ಮಗಳು ಏನಾದ್ರೂ ಅಂತಾಳೇನೋ ಅಂತ ನೋಡಿದೆ, ಅವಳು ಕೆಳಗೆ ನಿಂತು ಎರಡೂ ಕೈ ಚಾಚ್ಕೊಂಡಿದ್ಲು, ನಾನು ಓಡಿಸಿಕೊಂಡು ಬಂದ್ರೆ ಹಿಡ್ಕೊಳೋಕೆ ಅಂತ.

ಆಮೇಲೆ ಉಳಿದ ದಾರಿಯೆಲ್ಲಾ ಓಡಿಸಿದೆ. ಒಣಗಿದ ಎಲೆ ತುಂಬಾ ಇತ್ತು, ಪೂರ್ತಿ ಸದ್ದು.

ಗದಗಿನ_ಗಾಲಿ
ಭಾಳ ಚಲೋ ಆತು ಸರ, ಓದಿ ಕಣ್ಣಾಗ ನೀರ ಬಂದ್ವು. ಆ ಸೈಕಲ್ ಚಾಳೀಸಿಗೆ ಎಷ್ಟಾತ್ರಿ? ನಮ್ಮಣ್ಣಗ 66, ಅವನೂ ಮ್ಯಾಲೊಂದು ಕೆಳಗೊಂದು ನಂಬರಿಂದ ಹಾಕ್ತಾನ, ಹೊಲದ ಬದುವಿನ ಮ್ಯಾಲ ಈ ವರ್ಷ ಎರಡು ಸಲ ಎಡವಿದ.

ತುರಹಳ್ಳಿ_ತಿರುಗಾಟ
ಅಣ್ಣಾವ್ರೇ, ಹಳೇ ಫ್ರೇಮ್ ಇತ್ತು, ಗ್ಲಾಸ್ ಮಾತ್ರ ಹಾಕಿಸಿದ್ದು, 1,800 ಆಯ್ತು. ಅಂಗಡೀಲಿ ದೂರದ ನಂಬರ್ ಒಂದೇ ಸಾಕು ಅಂತ ಬಿಡಿಸಿ ಹೇಳಿ, ಇಲ್ಲಾಂದ್ರೆ ಮತ್ತೆ ಎರಡೂ ಸೇರಿಸಿ ಕೊಡ್ತಾರೆ. ಪಾಲಿಕಾರ್ಬೊನೇಟ್ ಅಂತ ಕೇಳಿ, ಬಿದ್ರೂ ಸುಲಭಕ್ಕೆ ಒಡೆಯಲ್ಲ. ಕಿವಿ ಹಿಂದೆ ಕಟ್ಟೋ ದಾರ ಒಂದು ತಗೊಳಿ, 50 ರೂಪಾಯಿ.